ಸಾನ್ ಟೆಲ್ಮೊ ಬೆಟ್ಟಕ್ಕೆ ಹೋದವರನ್ನು ಕಾಯುವ ಫೆಲಿಪಾ

ನಿಧಿ ಹುಡುಕಲು ಬೆಟ್ಟ ಹತ್ತಿದವರ ಕತೆ ಎಲ್ಲರೂ ಹೇಳುತ್ತಾರೆ. ಅವರು ಇಳಿದು ಬರುವ ತನಕ ಕಾಯುವವಳ ಕತೆ ಯಾರೂ ಹೇಳುವುದಿಲ್ಲ. ಫೆಲಿಪಾ ಲುಸೆರೊ ಸುಮ್ಮನೆ ಕೂತಿದ್ದರೆ ಒಬ್ಬ ಮನುಷ್ಯ ಬಾಯಾರಿ ಸಾಯುತ್ತಿದ್ದ. ಅದಕ್ಕೆ ಅವಳ ಕತೆ ಹೇಳಬೇಕು.

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ಸಾನ್ ಟೆಲ್ಮೊ ಬೆಟ್ಟದ ಬುಡದಲ್ಲಿ ಅವಳ ಮನೆ. ನಿಧಿ ಹುಡುಕುವವರಿಗೆ ಹೇಸರಗತ್ತೆ ಬಾಡಿಗೆಗೆ ಕೊಡುತ್ತಾಳೆ. ಹಿಂದೆ ಸ್ಪೇನಿನ ಪಾದ್ರಿಗಳು ಓಡಿಹೋಗುವಾಗ ಬೆಳ್ಳಿಗಟ್ಟಿಗಳನ್ನು ಯಾವುದೋ ಗುಹೆಯಲ್ಲಿಟ್ಟು ಅದರ ಬಾಯಿ ಮುಚ್ಚಿದರಂತೆ. ಹುಡುಕುವವರದ್ದು ಒಂದು ಪದ್ಧತಿ. ಎಲ್ಲಿಗೆ ಹೋಗುತ್ತೀರಿ ಅಂದರೆ ಯಾರೂ ನಿಜ ಹೇಳುವುದಿಲ್ಲ. ಹೇಳಿದರೆ ಇನ್ನೊಬ್ಬ ಹಿಂದೆ ಬರುತ್ತಾನೆ ಎನ್ನುವ ಭಯ.

ಒಂದು ಜೂನ್‌ನಲ್ಲಿ ನಿಧಿ ಹುಡುಕುವ ಆರ್ವಿಲ್ ಟ್ಯಾಕೆಟ್ ಅವಳ ಹೇಸರಗತ್ತೆ ಹಿಡಿದು, "ಬಡಗಣ ಕಣಿವೆಗೆ" ಎಂದು ಹೇಳಿ ಹೋದ. ಮರುದಿನ ಬೆಳಿಗ್ಗೆ ಅವನ ಹೇಸರಗತ್ತೆ ಒಂದೇ ವಾಪಸ್ ಬಂತು. ಜೀನಿಗೆ ಕಟ್ಟಿದ್ದ ನೀರಿನ ಕ್ಯಾನುಗಳು ತುಂಬಿದ ಹಾಗೇ ಇದ್ದವು.

ಫೆಲಿಪಾ ಪೊಲೀಸ್ ಅಧಿಕಾರಿ ಷೆರೀಫನಿಗೆ ಸುದ್ದಿ ಕಳಿಸಿದಳು. ಆರ್ವಿಲ್ ಎಲ್ಲಿದ್ದರೂ ಅವನ ಹತ್ತಿರ ಹನಿ ನೀರಿಲ್ಲ. ಗಾಳಿ ಹೆಜ್ಜೆ ಗುರುತನ್ನೆಲ್ಲ ಅಳಿಸಿತ್ತು. ಷೆರೀಫನ ಕಡೆಯವರು ಜೀಪಿನಲ್ಲಿ ಬಂದು, ಆರ್ವಿಲ್ ಹೇಳಿದ್ದನ್ನು ಕೇಳಿಕೊಂಡು ಬಡಗಣ ಕಣಿವೆಗೇ ಹೋದರು.

"ಅವ್ನು ಅಲ್ಲಿರಲ್ಲಪ್ಪ" ಎಂದು ಇವಳು ಹೇಳಿದಳು.

"ಮತ್ತೆಲ್ಲಿ, ಫೆಲಿಪಾ ಅಮ್ಮ?"

ಅದು ಅವಳಿಗೂ ಗೊತ್ತಿರಲಿಲ್ಲ. ಗೊತ್ತಿರಬಹುದಾದವನು ಒಬ್ಬನೇ, ಏಮಸ್ ಪ್ರೂಯಿಟ್. ಅವನೂ ಬೆಳ್ಳಿ ಹುಡುಕುವವನೇ. ದುರ್ಬೀನು ಹಿಡಿದು ವರ್ಷಗಟ್ಟಲೆ ಆರ್ವಿಲ್‌ನ ಬೆನ್ನು ಹತ್ತಿದ್ದ. ಫೆಲಿಪಾ ಅವನ ಮನೆಗೆ ಓಡಿದಳು. ಅವನು ರೊಟ್ಟಿ, ಬೇಯಿಸಿದ ಕಾಳು ತಿನ್ನುತ್ತಾ ಕೂತಿದ್ದ.

"ಆರ್ವಿಲ್ ಎಲ್ಲಿ ಅಗೀತಾನೆ ಹೇಳು."

"ನಂಗೇನು ಗೊತ್ತು."

"ಹೆಂಡ್ತಿ ಮುಖಕ್ಕಿಂತ ಅವ್ನ ಬೆನ್ನೇ ಜಾಸ್ತಿ ನೋಡಿದೀಯ. ಗೊತ್ತಿಲ್ವಂತೆ."

ಏಮಸ್ ತಟ್ಟೆ ನೋಡಿದ. "ಹೇಳಿದ್ರೆ ಸಂಜೆಗೆ ಊರೆಲ್ಲ ಅಲ್ಲಿರುತ್ತೆ ಕಣೆ. ಇಷ್ಟು ವರ್ಷದ ಕಷ್ಟ ಮಣ್ಣುಪಾಲು."

"ನೀರಿಲ್ಲ ಅವ್ನಿಗೆ."

ಅವನು ತಟ್ಟೆ ಬದಿಗೆ ಸರಿಸಿದ. ಹೊರಗೆ ಬಿಸಿಲು ಏರುತ್ತಿತ್ತು.

"ಪೊಲೀಸ್ರು ಬೇಡ" ಎಂದಳು ಫೆಲಿಪಾ. "ನೀನು, ನಾನು, ಇಬ್ರೇ. ನನ್ನ ಕಣ್ಣಿಗೆ ಬಟ್ಟೆ ಕಟ್ಬೇಕಾ, ಕಟ್ಟು. ಎದ್ದೇಳು, ಅಷ್ಟೆ."

ಅವನು ನಿಜವಾಗಿಯೂ ಕಟ್ಟಿದ. ತನ್ನ ಕುತ್ತಿಗೆಯ ಕರವಸ್ತ್ರವನ್ನೇ ಬಿಚ್ಚಿ ಕಟ್ಟಿದ. ಹೇಸರಗತ್ತೆಯ ಮೇಲೆ ಕೂತು, ಕಣ್ಣು ಕಾಣದೆ, ಅವಳು ಬೆಟ್ಟ ಹತ್ತಿದಳು. ಕಾಲ ಕೆಳಗೆ ಕಲ್ಲು ಜಾರುವುದು, ಅದು ಆಳಕ್ಕೆ ಬೀಳುವುದು ಕೇಳುತ್ತಿತ್ತು. ಏಮಸ್ ದಾರಿ ತಪ್ಪಿಸುತ್ತಿದ್ದಾನೋ ಏನೋ ಎನ್ನುವುದೇ ಅವಳ ಭಯ.

"ಇನ್ನೂ ಎಷ್ಟು ದೂರ?"

"ಸುಮ್ನೆ ಬಾ."

ಕೊನೆಗೆ ಅವನೇ ಬಟ್ಟೆ ಕಿತ್ತ. "ನಡಿ, ಬೇಗ. ಹದ್ದು ಸುತ್ತುತಿದೆ."

ಬಂಡೆಯ ನೆರಳಲ್ಲಿ ಆರ್ವಿಲ್ ಮುರಿದ ಕಾಲು ಚಾಚಿ ಬಿದ್ದಿದ್ದ. ತುಟಿ ಒಡೆದು ಕಪ್ಪಾಗಿತ್ತು. ಫೆಲಿಪಾ ಬಟ್ಟೆ ಒದ್ದೆ ಮಾಡಿ ಬಾಯಿಗೆ ಹಿಂಡಿದಳು. ತುಂಬಾ ಹೊತ್ತು ಅವನು ನುಂಗಲೇ ಇಲ್ಲ. ಆಮೇಲೆ ಗಂಟಲು ಅಲ್ಲಾಡಿತು. ಕಣ್ಣು ತೆರೆದು ಏಮಸ್‌ನನ್ನು ನೋಡಿದ.

"ಕಳ್ಳ. ಹಿಂದೆ ಹಿಂದೇನೇ ಬರ್ತಿದ್ದೆ ಅಲ್ವಾ."

"ನಾನು ಬಂದಿದ್ದಕ್ಕೇ ಬೈಯೋ ಶಕ್ತಿ ಬಂದಿದೆ ನಿಂಗೆ. ಬಾಯ್ಮುಚ್ಕೊಂಡು ಕುಡಿ."

ಆರ್ವಿಲ್ ಈಗ ಕುಂಟುತ್ತಾನೆ. ಏಮಸ್‌ನ ಜೊತೆ ಮಾತಿಲ್ಲ. ಬೆಳ್ಳಿ ಯಾರಿಗೂ ಸಿಕ್ಕಿಲ್ಲ. ಎಲ್ಲಿಗೆ ಹೋಗುತ್ತೀರೆಂದು ನಿಜ ಹೇಳದವರಿಗೆ ಫೆಲಿಪಾ ಈಗ ಹೇಸರಗತ್ತೆ ಕೊಡುವುದಿಲ್ಲ. ಎಲ್ಲರೂ ಅವಳ ಕಿವಿಯಲ್ಲಿ ಹೇಳುತ್ತಾರೆ. ಅದು ನಿಜವೋ ಸುಳ್ಳೋ ಎಂದು ಅವಳಿಗೆ ಇನ್ನೂ ದಿಗಿಲು.

ನೀವು ಆ ಕಡೆ ಹೋದರೆ ಅವಳ ಮನೆಗೆ ಹೋಗಿ. ಬೆಟ್ಟದ ಕಡೆ ಮುಖ ಮಾಡಿ ಬೆಂಚಿನ ಮೇಲೆ ಕೂತಿದ್ದರೆ ಯಾರೋ ಇನ್ನೂ ಇಳಿದಿಲ್ಲ ಎಂದು ತಿಳಿಯಿರಿ. ಪಕ್ಕದಲ್ಲಿ ಕೂತು, ಆ ಮನುಷ್ಯ ಬರುವ ತನಕ ಅವಳ ಜೊತೆ ಇರಿ.