ಮುನಿಗಂಗಮ್ಮನ ಹಕ್ಕಿ ಬೆಳೆ

ಸಾದಲಿಯ ಮುನಿಗಂಗಮ್ಮ ಮಂಡಿನೋವಿನಿಂದ ರೇಷ್ಮೆಹುಳು ಸಾಕುವುದನ್ನು ಬಿಟ್ಟು ವರ್ಷವಾಗಿತ್ತು. ನಲವತ್ತು ವರ್ಷ ಹೊತ್ತುಹೊತ್ತಿಗೆ ಸೊಪ್ಪು ಹಾಕಿದ ಕೈ ಸುಮ್ಮನಿದ್ದೀತೇ? ಹಿತ್ತಲಲ್ಲಿ ಹಳೇ ಮೊರವಿಟ್ಟು, ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಸಾದಿಕ್ ಪಾಷಾ ಮನೆಯಿಂದ ತರಿಸಿದ ಬೆಂದ ಹುಳುಗಳನ್ನು ಕಾಗೆಗಳಿಗೆ ಹರಡುತ್ತಿದ್ದಳು. ಒಂದು ದಿನ ತಲೆಯ ಮೇಲೆ ಬೀಸಣಿಗೆಯಂತೆ ಜುಟ್ಟು ಬಿಚ್ಚುವ ಹಕ್ಕಿಜೋಡಿಯೊಂದು ಬಂದು ಮೊರದಲ್ಲಿ ಕುಳಿತಿತು.

"ಚಂದ್ರಮುಕುಟ ಕಣಮ್ಮ! ಇದು ಈ ಊರ ಹಿತ್ತಲಿಗೆ ಬಂದಿದ್ದನ್ನ ನಾನು ನೋಡೇ ಇಲ್ಲ," ಎಂದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ವೆಂಕಟರವಣಪ್ಪ ಕುಣಿದರು.

ಜೋಡಿ ಗೋಡೆಯ ಸಂದಿಯಲ್ಲಿ ನಾಲ್ಕು ಮರಿ ಮಾಡಿತು. ಮುನಿಗಂಗಮ್ಮನ ಲೆಕ್ಕದಲ್ಲಿ ಅದೂ ಒಂದು ಬೆಳೆ, ಬೆಳೆಗೆಲ್ಲ ಒಂದೇ ಕಾನೂನು, ಹುಳುಮನೆಯ ಕಾನೂನು. ಮರಿ ನೋಡಲು ಮೇಷ್ಟ್ರು ಬ್ಲೀಚಿಂಗ್ ನೀರಲ್ಲಿ ಕಾಲು ತೊಳೆಯಬೇಕು. ವಾಸನೆ ತಾಗೀತೆಂದು ಅವರ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಬಂದ್. ರೇಷ್ಮೆಹುಳು ಪೊರೆ ಬಿಡುವ ಮುಂಚೆ ಮಲಗುವುದಕ್ಕೆ ಜ್ವರ ಎನ್ನುತ್ತಾರೆ; ಮರಿಗಳು ತೆಪ್ಪಗಾದರೆ ಸಾಕು, "ಎರಡನೇ ಜ್ವರ, ಮಾತಾಡ್ಬೇಡಿ," ಎಂದು ಗದರುತ್ತಿದ್ದಳು.

"ಹಕ್ಕಿಗೆಂಥ ಜ್ವರಮ್ಮ?"

"ನೀವು ಪಾಠ ಮಾಡಿದೋರು, ನಾನು ಬೆಳೆ ತೆಗೆದೋಳು."

ಹತ್ತನೇ ದಿನ ಗೂಡು ಗಬ್ಬು ನಾರತೊಡಗಿತು. ಹುಳು ನಾರಿದರೆ ಸಪ್ಪೆ ರೋಗ, ಇಡೀ ಬೆಳೆ ಮಣ್ಣುಪಾಲು. ಮುನಿಗಂಗಮ್ಮ ರೋಗಕ್ಕೆ ಎರಚುವ ಸುಣ್ಣದ ಪುಡಿ ಹಿಡಿದು ಸಂದಿಗೆ ಮುಖವಿಟ್ಟಳು.

"ಬೇಡಮ್ಮ, ಅವು ನಾರೋದೇ ಹಂಗೆ!" ಎಂದು ಮೇಷ್ಟ್ರು ಓಡಿಬರುವಷ್ಟರಲ್ಲಿ ನಾಲ್ಕೂ ಮರಿಗಳು ತಿರುಗಿ, ಕುಂಡೆ ತೋರಿಸಿ, ಅವಳ ಮುಖಕ್ಕೆ ಪಿಚಕಾರಿ ಹೊಡೆದವು.

ಮುನಿಗಂಗಮ್ಮ ಸೆರಗಿನಿಂದ ಒರೆಸಿಕೊಂಡು ಹಲ್ಲು ಕಿರಿದಳು. "ರೋಗ ಹಿಡಿದಿದ್ರೆ ಇಷ್ಟು ಜೋರು ಎಲ್ಲಿಂದ ಬರ್ತಿತ್ತು?" ಸುಣ್ಣ ಒಳಗೆ ಹೋಯಿತು.

ತಿಂಗಳು ತುಂಬುವಷ್ಟರಲ್ಲಿ ಮೂರು ಮರಿ ಹಾರಿದವು. ನಾಲ್ಕನೆಯದು ಎರಡು ದಿನವಾದರೂ ಸಂದಿ ಬಿಡಲಿಲ್ಲ. ರೇಷ್ಮೆಯಲ್ಲಾದರೆ ಹಿಂದೆ ಬಿದ್ದ ಹುಳುವನ್ನು ಆರಿಸಿ ಗುಂಡಿಗೆ ಹಾಕಬೇಕು, ಕರುಣೆ ತೋರಿದರೆ ಮಿಕ್ಕವಕ್ಕೂ ರೋಗ.

ಮೇಷ್ಟ್ರು ಕಾಲೆಳೆದರು: "ಏನಮ್ಮ, ನಿಮ್ಮ ಕಾನೂನಿನ ಪ್ರಕಾರ ಇದನ್ನ ಗುಂಡಿಗೆ ಹಾಕ್ಬೇಕಲ್ಲ?"

"ಬಿಡ್ತು ಅನ್ನಿ ಮೇಷ್ಟ್ರೇ!" ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಬೆಕ್ಕು ಬಂದೀತೆಂದು ಕೋಲು ಹಿಡಿದು ಗೋಡೆಯ ಬುಡದಲ್ಲೇ ಕೂತಳು. ತಾಯಿಹಕ್ಕಿ ಮೊರದಿಂದ ಹುಳು ಕಚ್ಚಿ ಹೋಗುತ್ತಲೇ ಇತ್ತು, ಇವಳು ಹರಡುತ್ತಲೇ ಇದ್ದಳು.

ಮೂರನೇ ಬೆಳಿಗ್ಗೆ ಮರಿ ಹಾರಿತು. ಸೊಟ್ಟಪಟ್ಟ ಹಾರಿ ಮೇಷ್ಟ್ರ ಬೋಳುತಲೆಯ ಮೇಲಿಳಿದು, ಜಾರಿ, ಅಲ್ಲಿಂದ ಹೊಂಗೆ ಮರ ಸೇರಿತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು.

ನಗು ನಿಂತ ಮೇಲೆ ಮುನಿಗಂಗಮ್ಮ ಹೇಳಿದಳು: "ನಲವತ್ತು ವರ್ಷ ಎಷ್ಟು ಹುಳ ಎಸೆದೆನೋ ಮೇಷ್ಟ್ರೇ. ಅದ್ರಲ್ಲಿ ಎಷ್ಟಕ್ಕೆ ಇನ್ನೆರಡು ದಿನ ಸಾಕಿತ್ತೋ."

ಮೇಷ್ಟ್ರು ಮರಿ ಇಳಿದಿದ್ದ ಬೋಳುತಲೆ ಸವರಿಕೊಂಡರು. ಅವರೂ ಮೂವತ್ತು ವರ್ಷ ಹುಡುಗರನ್ನು ಫೇಲು ಮಾಡಿದವರು.