ಕನ್ನಡಕದ ಹಿಂದಿನ ಕಣ್ಣು

ಅವರ ಎಡ ಮೊಣಕೈ ಸದಾ ಸ್ವಲ್ಪ ಎತ್ತಿಕೊಂಡೇ ಇರುತ್ತಿತ್ತು. ಟೀ ಕುಡಿಯುವಾಗಲೂ ಹಾಗೆಯೇ, ಬಸ್ಸಿಗೆ ಕಾಯುವಾಗಲೂ ಹಾಗೆಯೇ. ವರ್ಷಗಟ್ಟಲೆ ಮದುವೆಮನೆಗಳಲ್ಲಿ ಬ್ರಾಕೆಟ್ಟು ಹಿಡಿದ ಕೈ ಅದು. ಕ್ಯಾಮೆರಾದ ಅಡಿಗೆ ತಿರುಪು ಹಾಕಿ ಬಿಗಿದ ಅಲ್ಯೂಮಿನಿಯಂ ಪಟ್ಟಿ, ಅದರ ಎಡತುದಿಗೊಂದು ಹಿಡಿ, ಹಿಡಿಯ ಮೇಲೆ ಫ್ಲಾಶು. ಕೊಳ್ಳೇಗಾಲದಲ್ಲಿ ಅವರ ಸ್ಟುಡಿಯೋ ಇತ್ತು. ಊರಿಗೆಲ್ಲ ಅವರು ಫೋಟೋ ಮಾವ, ನನಗೂ.

ಡಿಗ್ರಿ ಓದುವಾಗ ರಜೆಯ ದಿನಗಳಲ್ಲಿ ಅವರ ಬಳಿ ಕೆಲಸ ಕಲಿತೆ. ಯಾವ ಛತ್ರ, ಎಷ್ಟು ಪಟ, ಎಷ್ಟು ಕೆಟ್ಟವು ಎಂದು ತಾರೀಖಿನ ಸಮೇತ ದಿನಚರಿಯಲ್ಲಿ ಬರೆಯುತ್ತಿದ್ದೆ. ಅದನ್ನು ನೋಡಿ ಮಾವ ನಗುತ್ತಿದ್ದರು. "ಕೆಟ್ಟೋದದ್ನ ಯಾಕವ್ವ ಎಣುಸ್ತೀ? ನೆಳ್ಳು ಎಲ್ಲಿ ಬಿತ್ತು ಅದ್ನ ಬರ್ಕೊ."

ಲೈಟು ಹಿಡಿಯಲು ಒಬ್ಬನನ್ನು ಇಟ್ಟುಕೊಳ್ಳಬಾರದೇ ಎಂದು ಕೇಳಿದರೆ, "ಎಣ್ಣಿನ್ ಕಡೆ ಹಿಡಿ ಅಂದ್ರೆ ಎಣ್ಣಿನ್ ಗೆಳ್ತೀರ್ ಕಡೆ ಹಿಡೀತಾನೆ. ಈ ಪಟ್ಟಿಗೆ ಆ ಚಪಲ ಇಲ್ಲ ಕಣವ್ವ" ಎನ್ನುತ್ತಿದ್ದರು.

ಅಕ್ಕನ ಮದುವೆ ಹನೂರಿನಲ್ಲಿ ನಡೆಯಿತು. ಯಳಂದೂರಿನಿಂದ ನಮ್ಮಜ್ಜಿ ಬಂದಿದ್ದಳು. ಅವಳಿಗೆ ಫೋಟೋ ಎಂದರೆ ಸಿಟ್ಟು. ಮನೆಯಲ್ಲಿದ್ದ ಅವಳ ಪಟಗಳಲ್ಲೆಲ್ಲ ಸೋಡಾಬುಡ್ಡಿ ಕನ್ನಡಕದ ಮೇಲೆ ಫ್ಲಾಶು ಹೊಡೆದು, ಕಣ್ಣಿರಬೇಕಾದಲ್ಲಿ ಎರಡು ಬಿಳಿ ಬಿಲ್ಲೆಗಳಿದ್ದವು. ಆ ವರ್ಷ ಅವಳ ಆರೋಗ್ಯವೂ ಸರಿಯಿರಲಿಲ್ಲ. ಇದೊಂದು ಸಲವಾದರೂ ಅವಳ ಕಣ್ಣು ಪಟದಲ್ಲಿ ಬರಬೇಕೆಂದು ನನಗೆ ಹಟ. ಧಾರೆಯ ಪಟಗಳನ್ನು ತೆಗೆದು ಮಾವ ಉಣ್ಣಲು ಹೋದಾಗ, ಅಜ್ಜಿಯನ್ನು ಅಕ್ಕನ ಪಕ್ಕ ಕೂರಿಸಿ, ನನ್ನ ಕೈಲಿದ್ದ ಇನ್ನೊಂದು ಕ್ಯಾಮೆರಾದ ನೆತ್ತಿಗೇ ಫ್ಲಾಶು ಸಿಕ್ಕಿಸಿ ತೆಗೆದೆ. ಕ್ಯಾಮೆರಾದ ಪರದೆಯಲ್ಲಿ ನೋಡಿದರೆ ಮತ್ತೆ ಬಿಳಿ ಬಿಲ್ಲೆ.

"ಒಂದ್ ಗಳ್ಗೆ ಕನ್ನಡ್ಕ ತಗ್ದುಬುಡಜ್ಜಿ" ಎಂದ ಚಿಕ್ಕಪ್ಪನ ಮಗ.

"ತಗುದ್ರೆ ಮದ್ವೆ ಎಣ್ಣು ಯಾರು ಅಂತ್ಲೇ ಕಾಣಕಿಲ್ಲ ಕಣ್ಲಾ. ಕಣ್ಣಿಲ್ದಿರೋ ಪಟ ಯಾಕ್ಲಾ ನಿಂಗೆ? ಓಗತ್ಲಾಗೆ!" ಎಂದು ಅಜ್ಜಿ ಎದ್ದೇಬಿಟ್ಟಳು.

ಮಾವ ಅರ್ಧ ಊಟಕ್ಕೇ ಕೈ ತೊಳೆದು ಬಂದರು. "ಕೂತ್ಕಳವ್ವ. ಕನ್ನಡ್ಕ ಆಕ್ಕಂಡೇ ಇರು."

ಬ್ರಾಕೆಟ್ಟಿನ ತಿರುಪು ಸಡಿಲಿಸಿ ಫ್ಲಾಶನ್ನು ಮೇಲಕ್ಕೆಳೆದು ಓರೆ ಮಾಡಿದರು. ಒಂದು ಪಟ ತೆಗೆದರು. ಒಂದು ಗಾಜಿನಲ್ಲಿ ಇನ್ನೂ ಬಿಳುಪಿತ್ತು. ಅವರು ಅಜ್ಜಿಗೆ ತಲೆ ಬಗ್ಗಿಸು ಎನ್ನಲಿಲ್ಲ. "ಮೊಮ್ಮಗಳ ಮೂಗ್ಬಟ್ಟು ಸರ್ಯಾಗದಾ ನೋಡವ್ವ" ಎಂದರು. ಅಜ್ಜಿ ಗಾಬರಿಯಿಂದ ಅಕ್ಕನ ಕಡೆ ಬಾಗಿದಳು. ಮಾವನ ಮೊಣಕೈ ಎದ್ದಿತು, ಬೆಳಕು ಬಿತ್ತು.

ಪಟ ತಂದುಕೊಟ್ಟ ದಿನ ಅಜ್ಜಿ ಅದನ್ನು ಕನ್ನಡಕದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ನನ್ ಕಣ್ಣು ನಮ್ಮವ್ವನ್ ಕಣ್ಣಂಗೇ ಅವೆ ಕಣವ್ವ" ಎಂದಳು. ಆಮೇಲೆ ಅವಳು ಹೆಚ್ಚು ದಿನ ಇರಲಿಲ್ಲ. ಮೂಗುಬೊಟ್ಟು ನೋಡುತ್ತಿರುವ ಆ ಪಟಕ್ಕೇ ಮನೆಯಲ್ಲಿ ಹೂವು ಹಾಕುತ್ತೇವೆ.

ಹೋದ ವರ್ಷ ಮಾವನೂ ತೀರಿಕೊಂಡರು. ಕೈ ನಡುಗಲು ಶುರುವಾದಾಗಲೇ ಬ್ರಾಕೆಟ್ಟನ್ನು ನನಗೆ ಕೊಟ್ಟಿದ್ದರು. "ಬೈದು ಬಗ್ಗುಸ್ಬ್ಯಾಡ ಯಾರ್ನೂ. ಮೊದ್ಲು ಫ್ಲಾಶ್ ಬಗ್ಸು."

ಈಗ ಯಳಂದೂರಿನಲ್ಲಿ ನನ್ನದೇ ಪುಟ್ಟ ಸ್ಟುಡಿಯೋ ಇದೆ. ಮನೆಯ ಗೋಡೆಗೆ ಹಾಕಲೆಂದು ಪಟ ತೆಗೆಸಲು ಬಂದ ವಯಸ್ಸಾದವರು ಕೂತ ಕೂಡಲೇ ಕೈಯನ್ನು ಕನ್ನಡಕಕ್ಕೆ ಒಯ್ಯುತ್ತಾರೆ.

"ತಗೀಬೇಕಾ ಮಗ?"

"ಬ್ಯಾಡ ಕಣವ್ವ, ಆಕ್ಕಂಡೇ ಇರು" ಎನ್ನುತ್ತೇನೆ. ನನ್ನ ಎಡ ಮೊಣಕೈ ತಾನಾಗಿ ಮೇಲೇಳುತ್ತದೆ.