ನಲವತ್ತೆರಡು ಮೆಟ್ಟಿಲು

ನಿವೃತ್ತಿಗೆ ಎಂಟು ತಿಂಗಳಿರುವಾಗ ಇಂಜಿನಿಯರ್ ಮುರಿಗೆಪ್ಪನವರಿಗೆ ಇದ್ದದ್ದು ಒಂದೇ ಆಸೆ. ಮದರಾಸಿನ ತಿರುವೊಟ್ಟಿಯೂರಿನ ದೊಡ್ಡ ರಸ್ತೆಯ ಮೇಲೆ ತಮ್ಮದೊಂದು ಪಾದಚಾರಿ ಸೇತುವೆ ಏಳಬೇಕು. ಬಾಗಲಕೋಟೆ ಬಿಟ್ಟು ಬಂದು ಮೂವತ್ತು ವರ್ಷ ಬೇರೆಯವರ ನಕ್ಷೆ ತಿದ್ದಿದ್ದೇ ಆಗಿತ್ತು. ಇದೊಂದು ಅವರ ಸ್ವಂತದ್ದು. ನಲವತ್ತೆರಡು ಮೆಟ್ಟಿಲು, ನೀಲಿ ಸೂರು. ದೃಷ್ಟಿಯಾಗುವಷ್ಟು ಚೆಂದ.

ಅಡ್ಡ ಬಂದವಳು ರಂಜನಿ. ಪ್ರತಿ ಯೋಜನೆಗೂ ಸಮಾಜ ಓದಿಕೊಂಡವರೊಬ್ಬರು ಇರಲೇಬೇಕೆಂಬ ನಿಯಮ ಬಂದು, ಕಂಪನಿಯವರು ತತ್ವಶಾಸ್ತ್ರದ ಈ ಮದರಾಸಿನ ಮಾಧ್ವರ ಹುಡುಗಿಯನ್ನು ತಂದು ಕೂರಿಸಿದ್ದರು. ಅವಳ ಸಹಿಯಿಲ್ಲದೆ ನಕ್ಷೆ ಮುಂದೆ ಹೋಗುವಂತಿಲ್ಲ. ಎಂಥ ಗ್ರಹಚಾರ ನೋಡಿ.

“ಕಾರೆಲ್ಲ ನೆಲದ ಮೇಲೇ ಹೋಗತ್ತೆ, ನಡೆಯೋರು ಮಾತ್ರ ಹತ್ತಿ ಇಳಿಯಬೇಕಾ? ನ್ಯಾಯವಾ ಸಾರ್, ನೀವೇ ಹೇಳಿ, ನೀಂಗಳೇ ಸೊಲ್ಲುಂಗ,” ಎಂದಳು.

“ಐದು ದಿನ ಕುಂತು ಮಂದಿ ಎಣಿಸೀನವಾ. ತಾಸಿಗೆ ಒಂಬೈನೂರು. ನ್ಯಾಯಕ್ಕ ನನ್ನ ಫಾರಮ್‌ನಾಗ ಕಾಲಮ್ ಇಲ್ಲ.”

“ಅವರ ತಲೆ ಮೇಲೆ ಏನಿತ್ತು ಅಂತ ಬರೆದ್ರಾ?”

ಬರೆದಿರಲಿಲ್ಲ. ಆ ಕಾಲಮ್ಮೂ ಇರಲಿಲ್ಲ. ಮುರಿಗೆಪ್ಪನವರಿಗೆ ರೇಗಿತು. ಸೇತುವೆಯೆಂದರೇನೆಂದು ತೋರಿಸೇ ಬಿಡುತ್ತೇನೆಂದು ಅವಳನ್ನು ಹತ್ತಿರದ ಹಳೆಯದೊಂದರ ಬುಡಕ್ಕೆ ಕರೆದೊಯ್ದರು. ಮೀನು ಮಾರುವ ಅಂಜಲೈ ಬುಟ್ಟಿ ಹೊತ್ತು, ಸೇತುವೆಯ ಕಡೆ ತಿರುಗಿಯೂ ನೋಡದೆ ರಸ್ತೆಗೆ ಇಳಿಯುತ್ತಿದ್ದಳು. ಮೇಲೆ ಹತ್ತಬಾರದೇ ಎಂದು ಕೇಳಿದ್ದೇ ತಡ, ಆಕೆ ನಗುತ್ತ ಸಿಂಬೆ ಸಮೇತ ಬುಟ್ಟಿಯನ್ನು ಇವರ ತಲೆಗೇ ಏರಿಸಿದಳು. “ನೀಂಗಳೇ ಏರಿ ಪಾರುಂಗ ಸಾರ್,” ನೀವೇ ಹತ್ತಿ ನೋಡಿ ಎಂದಳು.

ಜನ್ಮದಲ್ಲಿ ಮೀನು ಮುಟ್ಟದ ಲಿಂಗಾಯತರ ತಲೆಯ ಮೇಲೆ ಹದಿನೈದು ಕೆಜಿ ಮೀನು. ಕತ್ತು ಬಗ್ಗಿಸಿದರೆ ಬುಟ್ಟಿ ಜಾರುತ್ತದೆ, ಬಗ್ಗಿಸದಿದ್ದರೆ ಮೆಟ್ಟಿಲು ಕಾಣುವುದಿಲ್ಲ. ಹತ್ತೊಂಬತ್ತನೆಯದರ ಮೇಲೆ ಕಂಬಿ ಹಿಡಿದು ನಿಂತರು. ಮೀನಿನ ನೀರು ಕಾಲರಿನೊಳಗೆ ಇಳಿದು ಕಚಗುಳಿ ಇಟ್ಟಿತು, ಅವರಿಗೆ ತಡೆಯಲಾಗದ ನಗು ಬಂತು. ಕೆಳಗೆ ಬಸ್ಸಿಗೆ ಕಾದವರೂ ನಕ್ಕರು. ಅಲ್ಲಿಂದಲೇ ಹಿಂದಿರುಗಿ ಹೇಗೋ ಇಳಿದು ಬಂದ ಮನುಷ್ಯ ಬುಟ್ಟಿ ವಾಪಸು ಕೊಡಬೇಕೋ ಬೇಡವೋ? ಅದನ್ನು ಹೊತ್ತೇ ಒಂದು ಕೈ ಎತ್ತಿ ರಸ್ತೆಗೇ ನುಗ್ಗಿ, ಎರಡು ಬಸ್ಸು, ಒಂದು ಲಾರಿ ನಿಲ್ಲಿಸಿ, ನಗುತ್ತಲೇ ಆಚೆ ಬದಿ ಸೇರಿದರು.

ಮರುದಿನ ತಮ್ಮ ಸೇತುವೆಯ ನಕ್ಷೆಗೆ ತಾವೇ ಕಾಟು ಹಾಕಿದರು. ಅದೇ ಜಾಗದಲ್ಲಿ ಬಿಳಿ ಪಟ್ಟೆ, ಸಿಗ್ನಲ್ಲು, ನಡೆಯುವವರಿಗೆ ನಲವತ್ತು ಸೆಕೆಂಡು ಎಂದು ಬರೆದರು. ಸಹಿ ಹಾಕುವ ಮುಂಚೆ ನೀಲಿ ಸೂರಿನ ನಕ್ಷೆಯನ್ನು ಇನ್ನೊಮ್ಮೆ ಬಿಡಿಸಿ ನೋಡಿದರು, ಸುಳ್ಳೇಕೆ ಹೇಳಬೇಕು.

ನಿವೃತ್ತಿಯಾದ ವಾರ ಹೆಂಡತಿ ಕಲ್ಯಾಣಮ್ಮನನ್ನು ಅಲ್ಲಿಗೆ ಕರೆದೊಯ್ದರು. ಮಂಡಿನೋವಿನ ಆಕೆ ಇವರ ಕೈ ಹಿಡಿದು, ಬುಟ್ಟಿ ಹೊತ್ತವರ ನಡುವೆ, ಮಗಳ ಮನೆ ಸುದ್ದಿ ಹೇಳುತ್ತಲೇ ಆಚೆ ಬಂದು ನಿಂತಳು. ಸುತ್ತ ನೋಡಿದಳು.

“ನೀವು ಮಾಡಿದ್ದು ಎಲ್ಲೈತ್ರೀ?”

“ಈಗ ದಾಟಿ ಬಂದಿಯಲ್ಲ,” ಎಂದರು ಮುರಿಗೆಪ್ಪ, “ಅದ ನೋಡು.”